ಓದುಗರ ಪ್ರಶ್ನೆ: ಎರಡು ಸಾಧನಗಳ ಸದ್ದನ್ನು ಹೋಲಿಸುವುದು ಹೇಗೆ?

ಹಾಡು ಕೇಳುವ ಸಾಧನಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂದೇಹದ ಸುತ್ತ ಸುತ್ತುತ್ತವೆ: ಒಂದೇ ಹಾಡು ಒಂದು ಸಾಧನದಲ್ಲಿ ತುಂಬಿಕೊಂಡು ಕೇಳಿಸಿ ಇನ್ನೊಂದರಲ್ಲಿ ಸಪ್ಪೆಯಾಗುವುದೇಕೆ, ಮತ್ತು ಹಾಗೆ ಅನ್ನಿಸಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದು? ಮೊದಲ ಪತ್ರಕ್ಕೆ ತುಸು ವಿಸ್ತಾರವಾಗಿಯೇ ಉತ್ತರಿಸಿದ್ದೇನೆ. ಉಳಿದ ಹಲವು ಪ್ರಶ್ನೆಗಳ ಬೇರು ಅದರಲ್ಲೇ ಇದೆ.

ಪ್ರಶ್ನೆ: ನನ್ನಲ್ಲಿ ಕೈಯಲ್ಲಿ ಹಿಡಿದು ಓಡಾಡುವಂಥ ಹಳೆಯ ಸಿ.ಡಿ. ಪ್ಲೇಯರ್ ಇದೆ. ಅದೇ ಸಿ.ಡಿ.ಗಳಿಂದ ಪ್ರತಿ ಮಾಡಿಕೊಂಡ ಹಾಡುಗಳು ಮೊಬೈಲ್‌ನಲ್ಲೂ ಇವೆ. ಒಂದೇ ಹೆಡ್‌ಫೋನ್ ಹಾಕಿ ಕೇಳಿದರೂ ಸಿ.ಡಿ. ಪ್ಲೇಯರಿನ ಸದ್ದು ಹೆಚ್ಚು ಗಟ್ಟಿಯಾಗಿ, ಹಾಡುವವರು ಹತ್ತಿರಕ್ಕೆ ಬಂದಂತೆ ಅನ್ನಿಸುತ್ತದೆ. ಗೆಳೆಯರು ಇದನ್ನು ಭ್ರಮೆ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮಗೆ ಕೇಳಿಸಿದ್ದನ್ನು ಭ್ರಮೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಆ ವ್ಯತ್ಯಾಸಕ್ಕೆ ಪ್ಲೇಯರಿನ ಗುಣಮಟ್ಟವೇ ಕಾರಣವೆಂದು ಒಪ್ಪಿಕೊಳ್ಳುವ ಮೊದಲು ಒಂದು ಸಂಗತಿ ಇತ್ಯರ್ಥವಾಗಬೇಕು. ಎರಡರಲ್ಲೂ ಸದ್ದಿನ ಮಟ್ಟ ಒಂದೇ ಆಗಿತ್ತೇ? ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ. ಸಾಮಾನ್ಯವಾಗಿ ಎಲ್ಲರೂ ವಾಲ್ಯೂಮನ್ನು ಕಿವಿಯ ಅಂದಾಜಿನಲ್ಲೇ ಸರಿಹೊಂದಿಸುತ್ತಾರೆ, ಮತ್ತು ಆ ಅಂದಾಜಿನಲ್ಲಿ ಒಂದು ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಆಚೀಚೆ ಆಗುವುದು ತೀರಾ ಸುಲಭ. ತೊಡಕು ಇರುವುದು ಇಲ್ಲಿಯೇ. ಅರ್ಧ ಡೆಸಿಬಲ್‌ನಷ್ಟು ಏರಿಕೆಯನ್ನು ಕೇಳುಗರು 'ಸದ್ದು ಜೋರಾಯಿತು' ಎಂದು ಗುರುತಿಸುವುದು ಅಪರೂಪ. 'ಹೆಚ್ಚು ತುಂಬಿಕೊಂಡಿದೆ', 'ಹೆಚ್ಚು ಸ್ಪಷ್ಟವಾಗಿದೆ', 'ಹತ್ತಿರ ಬಂದಂತಿದೆ' ಎಂದು ವರ್ಣಿಸುವುದೇ ಹೆಚ್ಚು. ನೀವು ಬಳಸಿರುವ ಮಾತುಗಳು ಹೆಚ್ಚುಕಡಿಮೆ ಇವೇ ಆಗಿವೆ.

ಹೀಗಾಗುವುದಕ್ಕೆ ಒಂದು ಕಾರಣ ಕಿವಿಯ ಸ್ವಭಾವದಲ್ಲಿದೆ. 1933ರಲ್ಲಿ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಅವರು ಬೇರೆ ಬೇರೆ ಕಂಪನಾಂಕದ (ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ಅದರ ಅಳತೆ ಹರ್ಟ್ಜ್) ಸ್ವರಗಳು ಕಿವಿಗೆ ಸಮಾನ ಜೋರಿನಲ್ಲಿ ಕೇಳಿಸಬೇಕಾದರೆ ಪ್ರತಿಯೊಂದಕ್ಕೂ ಗಾಳಿಯಲ್ಲಿ ಎಷ್ಟು ಒತ್ತಡ ಬೇಕೆಂಬುದನ್ನು ಅಳೆದು ಪ್ರಕಟಿಸಿದರು. ಅವರ ರೇಖೆಗಳಿಂದ ತಿಳಿಯುವುದೇನೆಂದರೆ, ಸದ್ದು ತಗ್ಗಿದಂತೆಲ್ಲ ಮಂದ್ರದ ಸ್ವರಗಳು ಮಧ್ಯದ ಸ್ವರಗಳಿಗಿಂತ ಬೇಗ ಕಿವಿಯಿಂದ ಮರೆಯಾಗುತ್ತವೆ, ಸದ್ದು ಏರಿದಂತೆಲ್ಲ ಅವು ಬೇಗ ಮುಂದೆ ಬರುತ್ತವೆ. ಆದ್ದರಿಂದ ವಾಲ್ಯೂಮ್ ಮಾತ್ರ ಬದಲಾಗಿದ್ದರೂ ನಾದದ ಬಣ್ಣವೇ ಬದಲಾದಂತೆ ತೋರುತ್ತದೆ. ಮಟ್ಟವನ್ನು ಸಮ ಮಾಡದೆ ನಡೆಸಿದ ಹೋಲಿಕೆಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ಅದನ್ನು ನಡೆಸಿದವರು ಎಷ್ಟೇ ಅನುಭವಿಗಳಾಗಿದ್ದರೂ ಈ ಮಾತು ಅನ್ವಯಿಸುತ್ತದೆ.

ಸಮ ಮಾಡುವುದಕ್ಕೆ ದೊಡ್ಡ ಉಪಕರಣವೇನೂ ಬೇಡ, ವಿದ್ಯುತ್ ಕೆಲಸದವರ ಬಳಿ ಇರುವ ಮಲ್ಟಿಮೀಟರ್ ಸಾಕು. 200 ಹರ್ಟ್ಜ್‌ನ ಒಂದೇ ಸಮನಾದ ಸ್ವರವಿರುವ ಕಡತವನ್ನು ಮೊಬೈಲ್‌ಗೆ ಹಾಕಿಕೊಳ್ಳಿ, ಅದನ್ನೇ ಖಾಲಿ ಸಿ.ಡಿ.ಯೊಂದಕ್ಕೆ ಬರೆದುಕೊಳ್ಳಿ. ಸಾಧಾರಣ ಮಲ್ಟಿಮೀಟರುಗಳ ಎ.ಸಿ. ಅಳತೆ ಕೆಲವು ನೂರು ಹರ್ಟ್ಜ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ, ಅದಕ್ಕಾಗಿಯೇ 200ರ ಆಯ್ಕೆ. ಪ್ಲೇಯರಿನ ಜ್ಯಾಕ್‌ಗೆ ಎರಡು ಕವಲಿನ ಸ್ಪ್ಲಿಟರ್ ಚುಚ್ಚಿ, ಒಂದು ಕವಲಿಗೆ ಹೆಡ್‌ಫೋನನ್ನು, ಇನ್ನೊಂದಕ್ಕೆ ಮೀಟರಿನ ಕಡ್ಡಿಗಳನ್ನು ಜೋಡಿಸಿ. ಹೆಡ್‌ಫೋನ್ ಜೋಡಿಸಿರುವಾಗಲೇ ಅಳೆಯಬೇಕು, ಏಕೆಂದರೆ ಅದರ ಭಾರ ಬಿದ್ದಾಗ ಕೆಲವು ಪ್ಲೇಯರುಗಳ ವೋಲ್ಟೇಜ್ ಕುಸಿಯುತ್ತದೆ. ಮೊಬೈಲ್‌ನಲ್ಲಿ 200 ಮಿಲಿವೋಲ್ಟ್ ತೋರಿಸಿದರೆ ಸಿ.ಡಿ. ಪ್ಲೇಯರಿನಲ್ಲೂ 200 ಅಥವಾ 202 ಬರುವಂತೆ ಗುಂಡಿಯನ್ನು ತಿರುಗಿಸಿ. 202 ಎಂದರೆ ವ್ಯತ್ಯಾಸ 0.1 ಡೆಸಿಬಲ್‌ಗಿಂತ ಕಡಿಮೆ, ಅದು ಸಾಕು. 212 ಎಂದರೆ ಅರ್ಧ ಡೆಸಿಬಲ್. ಅದು ಹೋಲಿಕೆಯನ್ನು ಕೆಡಿಸುತ್ತದೆ. ಮೊಬೈಲ್‌ನ ವಾಲ್ಯೂಮ್ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಅದರಲ್ಲಿ ಸೂಕ್ಷ್ಮ ಹೊಂದಾಣಿಕೆ ಸಾಧ್ಯವಾಗದು. ಮೊದಲು ಮೊಬೈಲನ್ನು ಒಂದು ಮೆಟ್ಟಿಲಿನಲ್ಲಿ ನಿಲ್ಲಿಸಿ, ತಿರುಗುವ ಗುಂಡಿಯಿರುವ ಸಾಧನವನ್ನು ಅದಕ್ಕೆ ಹೊಂದಿಸುವುದೇ ಸುಲಭದ ದಾರಿ.

ಮಟ್ಟ ಸಮನಾದ ಮೇಲೆ ಇನ್ನೆರಡು ಎಚ್ಚರಿಕೆಗಳು ಬೇಕು. ಒಂದು, ಸಾಧನದಿಂದ ಸಾಧನಕ್ಕೆ ಹೋಗುವ ಹೊತ್ತು ಆದಷ್ಟು ಕಿರಿದಾಗಿರಬೇಕು. ನಾದದ ಸೂಕ್ಷ್ಮ ವಿವರಗಳನ್ನು ನಮ್ಮ ನೆನಪು ಕೆಲವೇ ಸೆಕೆಂಡುಗಳ ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತು, ಇನ್ನೊಂದಕ್ಕೆ ಚುಚ್ಚಿ, ಹಾಡನ್ನು ಹುಡುಕಿ ಒತ್ತುವಷ್ಟರಲ್ಲಿ ಮೊದಲು ಕೇಳಿದ್ದರ ಜಾಗವನ್ನು ನಮ್ಮ ನಿರೀಕ್ಷೆ ಆಕ್ರಮಿಸಿಕೊಂಡಿರುತ್ತದೆ. ಎರಡೂ ಸಾಧನಗಳನ್ನು ಸಣ್ಣ ಸ್ವಿಚ್ ಪೆಟ್ಟಿಗೆಗೆ ಜೋಡಿಸಿ, ಹಾಡನ್ನು ಎರಡರಲ್ಲೂ ಒಟ್ಟಿಗೆ ಆರಂಭಿಸಿ, ನಡುನಡುವೆ ಬದಲಾಯಿಸುತ್ತ ಕೇಳುವುದು ಉತ್ತಮ.

ಎರಡು, ಯಾವುದು ನುಡಿಯುತ್ತಿದೆಯೆಂದು ಕೇಳುವವರಿಗೆ ತಿಳಿದಿರಬಾರದು. ಈ ಬಗೆಯ ಪರೀಕ್ಷೆಗೆ ಒಂದು ಕ್ರಮವನ್ನು 1950ರಲ್ಲಿ ಅದೇ ಮನ್ಸನ್ ಅವರು ಮಾರ್ಕ್ ಗಾರ್ಡ್ನರ್ ಜೊತೆಗೂಡಿ ರೂಪಿಸಿದರು. ಮುಂದೆ ಆಡಿಯೋ ಸಾಧನಗಳ ಹೋಲಿಕೆಯಲ್ಲಿ ಇದು ಎ-ಬಿ-ಎಕ್ಸ್ (ಎಕ್ಸ್ ಎಂದರೆ ಎ, ಬಿಗಳಲ್ಲಿ ಯಾವುದೆಂದು ಹೇಳದೆ ಕೇಳಿಸುವುದು) ಎಂಬ ಹೆಸರಿನಿಂದ ಬಳಕೆಗೆ ಬಂತು. ಮನೆಯಲ್ಲಿ ನಡೆಸುವುದಾದರೆ, ಮೊದಲು 'ಎ' ಯಾವುದು 'ಬಿ' ಯಾವುದು ಎಂದು ತಿಳಿದುಕೊಂಡೇ ಬೇಕಾದಷ್ಟು ಕೇಳಿ. ನಂತರ ನಿಮ್ಮ ಬೆನ್ನ ಹಿಂದೆ ಕುಳಿತ ಒಬ್ಬರು ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಎ ಅಥವಾ ಬಿ ಸಾಧನವನ್ನು ನುಡಿಸಿ ಬರೆದುಕೊಳ್ಳಲಿ. ನೀವೂ ನಿಮ್ಮ ಉತ್ತರವನ್ನು ಬರೆಯುತ್ತ ಹೋಗಿ, 16 ಸುತ್ತು ಮುಗಿಯುವವರೆಗೆ ಅವರ ಹಾಳೆಯನ್ನು ನೋಡಬೇಡಿ. 16ರಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಊಹೆಯಿಂದ ಒದಗುವ ಸಂಭವ ಶೇಕಡ 4ಕ್ಕಿಂತ ಕಡಿಮೆ, ಹಾಗಾಗಿ ನಿಮಗೆ ವ್ಯತ್ಯಾಸ ನಿಜವಾಗಿ ಕೇಳಿಸುತ್ತಿದೆಯೆಂದು ಹೇಳಬಹುದು. 8 ಅಥವಾ 9 ಸರಿಯಾದರೆ ನಾಣ್ಯವೂ ಅಷ್ಟನ್ನೇ ಮಾಡುತ್ತಿತ್ತು.

ಈ ಪರೀಕ್ಷೆಯಲ್ಲಿ ನೀವು ಗೆದ್ದರೆ, ಗೆಳೆಯರ ಮಾತು ಬಿದ್ದುಹೋಯಿತು. ಆಗ ಕಾರಣ ಹುಡುಕಬೇಕು. ಹಳೆಯ ಕೈ-ಪ್ಲೇಯರುಗಳಲ್ಲಿ ಮಂದ್ರವನ್ನು ಎತ್ತುವ ಬಾಸ್ ಬೂಸ್ಟ್ ಸ್ವಿಚ್ ಇರುವುದು ಸಾಮಾನ್ಯ, ಅದು ಒತ್ತಿದ ಸ್ಥಿತಿಯಲ್ಲೇ ಉಳಿದಿರಬಹುದು. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಮಂದ್ರ, ತಾರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಅಥವಾ ಧ್ವನಿ ಪರಿಣಾಮಗಳು ಚಾಲೂ ಇರಬಹುದು. ಪ್ರತಿ ಮಾಡುವಾಗ ಕಡಿಮೆ ಬಿಟ್‌ರೇಟ್‌ನ, ಅಂದರೆ ಸೆಕೆಂಡಿಗೆ ಕಡಿಮೆ ಮಾಹಿತಿ ಉಳಿಸುವ, ಎಂ.ಪಿ.3 ಆಗಿ ಪರಿವರ್ತನೆಯಾಗಿರಲೂಬಹುದು. ಇವೆಲ್ಲವೂ ಸರಿಯಿದ್ದರೆ, ದೋಷವಿಲ್ಲದ ಎರಡು ಪ್ಲೇಯರುಗಳ ನಡುವೆ ಉಳಿಯುವ ಅಂತರ ಒಂದು ಡೆಸಿಬಲ್‌ನ ಸಣ್ಣ ಭಾಗವಷ್ಟೇ. ಎರಡು ಹೆಡ್‌ಫೋನುಗಳ ನಡುವೆ, ಎರಡು ಸ್ಪೀಕರುಗಳ ನಡುವೆ ಇರುವ ಅಂತರವಾದರೋ ಹಲವು ಡೆಸಿಬಲ್. ವಿದ್ಯುತ್ತು ಗಾಳಿಯ ಅಲುಗಾಟವಾಗಿ ಮಾರ್ಪಡುವ ಜಾಗದಲ್ಲೇ ಸಾಧನಗಳು ಒಂದರಿಂದ ಒಂದು ಬಹುಪಾಲು ಬೇರೆಯಾಗುತ್ತವೆ.

ಪ್ರಶ್ನೆ: ಗ್ರಾಮಫೋನ್ ತಟ್ಟೆಯ ನಾದ ಹೆಚ್ಚು ಬೆಚ್ಚಗಿದೆ, ಅದೇ ಸಂಗೀತ ಸಿ.ಡಿ.ಯಲ್ಲಿ ಒರಟಾಗಿದೆ. ಡಿಜಿಟಲ್ ಎಂಬುದೇ ಸಂಗೀತವನ್ನು ತುಂಡರಿಸುತ್ತದೆ ಎಂಬ ಮಾತು ನಿಜವೇ?

ಉತ್ತರ: ನೀವು ಕೇಳಿದ ವ್ಯತ್ಯಾಸ ನಿಜವಿರಬಹುದು, ಆದರೆ ಅದಕ್ಕೆ ಕೊಟ್ಟಿರುವ ಕಾರಣ ಸರಿಯಲ್ಲ. ಎಲ್.ಪಿ. ಮತ್ತು ಸಿ.ಡಿ. ಎರಡರಲ್ಲೂ ಇರುವುದು ಒಂದೇ ಗಾಯನವಾದರೂ, ಒಂದೇ ಮಾಸ್ಟರ್ (ಪ್ರತಿಗಳಿಗೆ ಮೂಲವಾಗುವ ಸಿದ್ಧ ಧ್ವನಿ) ಆಗಿರುವುದು ಖಚಿತವಿಲ್ಲ. ತಟ್ಟೆಯಲ್ಲಿ ಗೀರು ಕೊರೆಯುವುದಕ್ಕೆ ಯಾಂತ್ರಿಕ ಮಿತಿಗಳಿವೆ. ಮಂದ್ರ ಅತಿಯಾದರೆ ಗೀರು ಪಕ್ಕದ ಗೀರಿಗೆ ತಾಗುತ್ತದೆ, ತಾರ ಅತಿಯಾದರೆ ಸೂಜಿ ಅದನ್ನು ಹಿಂಬಾಲಿಸಲಾರದು. ಹಾಗಾಗಿ ತಟ್ಟೆಗೆಂದು ಧ್ವನಿಯನ್ನು ಬೇರೆಯಾಗಿಯೇ ಹದ ಮಾಡುತ್ತಾರೆ. ಇತ್ತ 1990ರ ದಶಕದಿಂದೀಚೆಗೆ ಎಷ್ಟೋ ಸಿ.ಡಿ.ಗಳನ್ನು, ಹಳೆಯ ಧ್ವನಿಮುದ್ರಣಗಳ ಮರುಬಿಡುಗಡೆಗಳನ್ನೂ ಸೇರಿಸಿ, ಜೋರಾಗಿ ಕೇಳಿಸಲೆಂದು ವಿಪರೀತ ಒತ್ತಿ ಸಿದ್ಧಪಡಿಸಲಾಯಿತು. ಮೆಲುದನಿಗೂ ಗಟ್ಟಿದನಿಗೂ ಇರಬೇಕಾದ ಅಂತರವನ್ನು ಅಳಿಸಿದ ಮೇಲೆ ನಾದ ಒರಟಾಗುವುದು ಸಹಜ. ಒಳ್ಳೆಯ ಧ್ವನಿಮುದ್ರಣಗಳು ಹೀಗೆ ಹಾಳಾದದ್ದು ದುಃಖದ ಸಂಗತಿ. ಆದರೆ ಅದು ಸಿದ್ಧಪಡಿಸಿದವರ ಆಯ್ಕೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ 16 ಬಿಟ್‌ಗಳು ಸುಮಾರು 96 ಡೆಸಿಬಲ್‌ಗಳ ಅಂತರಕ್ಕೆ ಎಡೆ ಕೊಡುತ್ತವೆ. ತಟ್ಟೆಯಲ್ಲಿ ಮೇಲ್ಮೈಯ ಸರಸರ ಸದ್ದಿನಿಂದಾಗಿ ಅಷ್ಟು ಅಂತರ ಸಾಧ್ಯವೇ ಇಲ್ಲ.

ನಿಜ ತಿಳಿಯುವ ಬಗೆ ಒಂದಿದೆ. ನಿಮ್ಮ ಟರ್ನ್‌ಟೇಬಲ್‌ನಿಂದ ಬರುವ ಧ್ವನಿಯನ್ನೇ 44.1 ಕಿಲೋಹರ್ಟ್ಜ್ (ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯುವ ಸ್ಯಾಂಪ್ಲಿಂಗ್ ದರ), 16 ಬಿಟ್‌ನಲ್ಲಿ, ಅಂದರೆ ಸಿ.ಡಿ.ಯ ಮಟ್ಟದಲ್ಲಿ, ಕಂಪ್ಯೂಟರಿಗೆ ಮುದ್ರಿಸಿಕೊಳ್ಳಿ. ನಂತರ ತಟ್ಟೆಯನ್ನೂ ಆ ಮುದ್ರಣವನ್ನೂ ಮೇಲೆ ಹೇಳಿದ ಕ್ರಮದಲ್ಲಿ, ಮಟ್ಟ ಸಮ ಮಾಡಿ, ಮರೆಯಲ್ಲಿಟ್ಟು ಹೋಲಿಸಿ. ತಟ್ಟೆಯ ಬೆಚ್ಚನೆಯ ಗುಣ ಡಿಜಿಟಲ್ ಪ್ರತಿಯಲ್ಲೂ ಹಾಗೆಯೇ ಬಂದಿರುವುದನ್ನು ಕೇಳುತ್ತೀರಿ. ತುಂಡರಿಸಿದ್ದೇ ದೋಷವಾಗಿದ್ದರೆ ಈ ಪ್ರತಿಯೂ ಒರಟಾಗಬೇಕಿತ್ತು.

ಹೋಲಿಸುವ ಮೊದಲು ಇನ್ನೆರಡು ಸಂಗತಿಗಳನ್ನು ಗಮನಿಸಿ. ತಟ್ಟೆ ನಿಮಿಷಕ್ಕೆ ಒಂದೇ ಸಮನೆ 33⅓ ಸುತ್ತು ತಿರುಗುವುದರಿಂದ, ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಗೀರು ಹಾಯುತ್ತದೆ, ಕೊನೆಯ ಹಾಡಿನ ಹೊತ್ತಿಗೆ ಅದು ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಅದೇ ವಿವರಗಳು ಕಿರಿದಾದ ಜಾಗದಲ್ಲಿ ಅಡಕವಾಗುವುದರಿಂದ ಒಳಗಿನ ಹಾಡುಗಳಲ್ಲಿ 'ಸ', 'ಶ'ಗಳು ಚೀರುತ್ತವೆ. ಹೋಲಿಕೆಗೆ ಮೊದಲ ಹಾಡನ್ನೇ ಆರಿಸಿಕೊಳ್ಳಿ. ಇನ್ನು, ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ; 1954ರಿಂದ ಆರ್.ಐ.ಎ.ಎ. (ಅಮೆರಿಕದ ಧ್ವನಿಮುದ್ರಣ ಸಂಸ್ಥೆಗಳ ಸಂಘ) ರೇಖೆ ಇದರ ಮಾನದಂಡವಾಗಿದೆ. ನುಡಿಸುವಾಗ ಅದನ್ನು ತಿರುಗುಮುರುಗು ಮಾಡುವ ಕೆಲಸ ಫೋನೋ ಘಟ್ಟದ್ದು. ಒಳಗೆ ಫೋನೋ ಘಟ್ಟವಿಲ್ಲದ ಟರ್ನ್‌ಟೇಬಲನ್ನು ನೇರವಾಗಿ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಚುಚ್ಚಿದರೆ ಸದ್ದು ಕ್ಷೀಣವಾಗಿ, ತಗಡು ಬಡಿದಂತೆ ಬರುತ್ತದೆ.

ಪ್ರಶ್ನೆ: ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಒಂದು ಡೆಕ್‌ನಲ್ಲಿ ಸ್ಪಷ್ಟವಾಗಿರುವ ಕ್ಯಾಸೆಟ್ ಇನ್ನೊಂದರಲ್ಲಿ ಕಂಬಳಿ ಹೊದೆಸಿದಂತೆ ಮಂಕಾಗಿದೆ. ಎರಡನೆಯ ಡೆಕ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿದೆಯೆಂದು ಎಸೆಯುವ ಮೊದಲು ಅದರ ಹೆಡ್ (ಟೇಪಿನಿಂದ ಸದ್ದನ್ನು ಓದುವ ಭಾಗ) ನಿಂತಿರುವ ಕೋನವನ್ನು ನೋಡಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಈ ವೇಗದಲ್ಲಿ 10 ಕಿಲೋಹರ್ಟ್ಜ್‌ನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 4.76 ಮೈಕ್ರೋಮೀಟರ್ ಮಾತ್ರ; ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರಕ್ಕೂ ಹೆಚ್ಚು ಅಲೆಗಳು. ಹೆಡ್ಡಿನ ಸೀಳು ಟೇಪಿಗೆ ನೇರ ಅಡ್ಡಲಾಗಿರದೆ ಕೂದಲೆಳೆಯಷ್ಟು ವಾಲಿದ್ದರೂ, ಅದರ ಒಂದು ತುದಿ ಅಲೆಯ ಉಬ್ಬನ್ನೂ ಇನ್ನೊಂದು ತುದಿ ತಗ್ಗನ್ನೂ ಒಟ್ಟಿಗೆ ಓದಿ ಒಂದನ್ನೊಂದು ಅಳಿಸಿಹಾಕುತ್ತವೆ. ತಾರ ಸ್ವರಗಳು ಹೋಗಿ ಮಂಕು ಕವಿಯುವುದು ಹೀಗೆ. ಮುಖ್ಯ ಸಂಗತಿಯೆಂದರೆ, ವಾಲಿರುವುದು ನಿಮ್ಮ ಡೆಕ್ಕೇ ಆಗಿರಬೇಕಿಲ್ಲ. ಕ್ಯಾಸೆಟ್ಟನ್ನು ಮುದ್ರಿಸಿದ ಯಂತ್ರ ವಾಲಿದ್ದು, ನಿಮ್ಮ ಮೊದಲ ಡೆಕ್ ಕೂಡ ಅದೇ ಕಡೆಗೆ ವಾಲಿದ್ದರೆ ಅದರಲ್ಲಿ ಚೆನ್ನಾಗಿ ಕೇಳಿಸುತ್ತದೆ!

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯ ಕಡ್ಡಿಯಿಂದ ಮೊದಲು ಒರೆಸಿ. ಕಂದು ಪುಡಿ ಅಂಟಿಕೊಂಡಿದ್ದರೂ ಇದೇ ಮಂಕು ಕಾಣಿಸುತ್ತದೆ. ಆಮೇಲೆ ಕ್ಯಾಸೆಟ್ಟನ್ನು ನುಡಿಸುತ್ತಲೇ, ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿ. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿಯಿದ್ದರೆ ಒತ್ತಿಕೊಳ್ಳಿ, ಏಕೆಂದರೆ ಎರಡು ಚಾನೆಲ್‌ಗಳು ಕೂಡಿದಾಗ ಕೋನದ ತಪ್ಪು ಇನ್ನೂ ಎದ್ದು ಕೇಳುತ್ತದೆ. ತಾಳದ ಕಿಣಿ, 'ಸ'ಕಾರಗಳ ಮೊನೆ ಅತ್ಯಂತ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಏರಿಸುವ ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮಾಡಬೇಕು. ಬೇಸರದ ಕೆಲಸವೇ ಹೌದು, ಆದರೆ ಟೇಪಿನಿಂದ ಒಮ್ಮೆ ತಪ್ಪಾಗಿ ಎತ್ತಿದ ತಾರ ಸ್ವರಗಳನ್ನು ಮುಂದೆ ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿ ತರಲಾರದು.

ಟೇಪಿನ ಸುಯ್ಯೆನ್ನುವ ಸದ್ದನ್ನು ತಗ್ಗಿಸುವ ಡಾಲ್ಬಿ ಸ್ವಿಚ್ಚನ್ನೂ ನೋಡಿ. ಡಾಲ್ಬಿ-ಬಿ ಇಲ್ಲದೆ ಮುದ್ರಿಸಿದ ಕ್ಯಾಸೆಟ್ಟನ್ನು ಅದನ್ನು ಹಾಕಿಕೊಂಡು ನುಡಿಸಿದರೆ ಮಂಕಾಗುತ್ತದೆ. ಹಾಕಿ ಮುದ್ರಿಸಿದ್ದನ್ನು ಇಲ್ಲದೆ ನುಡಿಸಿದರೆ ತಾರ ಅತಿಯಾಗುತ್ತದೆ. ಡೆಕ್ಕಿನ ವೇಗ ಅಲುಗಾಡುತ್ತಿದೆಯೇ ಎಂಬುದನ್ನು ತಂಬೂರಿಯ ಶ್ರುತಿಯಂಥ ಎಡೆಬಿಡದ ನಾದದಲ್ಲಿ ಪರೀಕ್ಷಿಸಿ. ಲಯವಾದ್ಯಗಳಲ್ಲಿ ಅಡಗಿಕೊಳ್ಳುವ ಅಲುಗಾಟ ಅಲ್ಲಿ ತಕ್ಷಣ ಕಿವಿಗೆ ಬೀಳುತ್ತದೆ.

ಪ್ರಶ್ನೆ: ನನ್ನ ಹೆಡ್‌ಫೋನನ್ನು ಬ್ಲೂಟೂತ್‌ನಲ್ಲೂ ವೈರ್ ಜೋಡಿಸಿಯೂ ಬಳಸಬಹುದು. ಎರಡರ ಸದ್ದು ಸ್ಪಷ್ಟವಾಗಿ ಬೇರೆಯಾಗಿದೆ. ಬ್ಲೂಟೂತ್ ಅಷ್ಟೊಂದು ಕೆಡಿಸುತ್ತದೆಯೇ?

ಉತ್ತರ: ಈ ಹೋಲಿಕೆಯಲ್ಲಿ ಬದಲಾಗುತ್ತಿರುವುದು ಬ್ಲೂಟೂತ್ ಒಂದೇ ಅಲ್ಲ. ನಿಸ್ತಂತುವಾಗಿ ಕೇಳುವಾಗ ಹೆಡ್‌ಫೋನಿನೊಳಗೆ ಕುಳಿತಿರುವ ಡಿ.ಎ.ಸಿ. (ಡಿಜಿಟಲ್ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಆಂಪ್ಲಿಫೈಯರ್ ಮತ್ತು ತಯಾರಕರು ಆ ಸ್ಪೀಕರಿಗೆಂದೇ ಅಳವಡಿಸಿದ ಈಕ್ವಲೈಜರ್ ಕೆಲಸ ಮಾಡುತ್ತವೆ. ಹಲವು ಮಾದರಿಗಳಲ್ಲಿ ವೈರ್ ಚುಚ್ಚಿ ಪವರ್ ಆರಿಸಿದ ಕೂಡಲೇ ಆ ತಿದ್ದುಪಡಿಯೆಲ್ಲ ಬದಿಗೆ ಸರಿದು, ಸ್ಪೀಕರ್ ತನ್ನ ಮೂಲ ಸ್ವಭಾವದಲ್ಲಿ ನುಡಿಯುತ್ತದೆ. ಇಂಥ ಹೆಡ್‌ಫೋನುಗಳಲ್ಲಿ ವೈರ್‌ನ ಸದ್ದೇ ಕಳಪೆಯಾಗಿರುವುದೂ ಉಂಟು. ಬ್ಲೂಟೂತ್‌ನ ಪಾಲನ್ನು ಮಾತ್ರ ತಿಳಿಯಬೇಕಾದರೆ ನಿಸ್ತಂತುವಾಗಿಯೇ ಕೇಳುತ್ತ ಕೋಡೆಕ್ (ಕಳಿಸಲೆಂದು ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನ) ಅನ್ನು ಮಾತ್ರ ಬದಲಾಯಿಸಿ ನೋಡಬೇಕು. ಸಿ.ಡಿ.ಯ ಧ್ವನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಎಲ್ಲ ಸಾಧನಗಳಲ್ಲೂ ಇರುವ ಎಸ್.ಬಿ.ಸಿ. ಕೋಡೆಕ್ ಅದನ್ನು ಸಾಮಾನ್ಯವಾಗಿ 328ಕ್ಕೆ ಇಳಿಸುತ್ತದೆ, ಎಲ್‌ಡ್ಯಾಕ್ ಗರಿಷ್ಠ 990ರವರೆಗೆ ಒಯ್ಯುತ್ತದೆ. ಅಂಕಿಗಳ ಈ ಅಂತರ ಕಾಗದದ ಮೇಲೆ ಕಾಣುವಷ್ಟು ದೊಡ್ಡದಾಗಿ ಕಿವಿಗೆ ಕೇಳಿಸುವುದಿಲ್ಲ.

ಕೇಳುತ್ತಿದ್ದಂತೆಯೇ ಸದ್ದು ಹಠಾತ್ತನೆ ಹಳೆಯ ದೂರವಾಣಿಯಂತಾದರೆ ಮೈಕ್ ಚಾಲೂ ಆಗಿದೆಯೆಂದು ತಿಳಿಯಿರಿ. ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಕರೆಯ ವಿಧಾನಕ್ಕೆ ಹೊರಳಿದಾಗ ಸ್ಯಾಂಪ್ಲಿಂಗ್ 8 ಅಥವಾ 16 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ. ಮೈಕ್ ಬಳಸುತ್ತಿರುವ ಆ್ಯಪ್ ಅನ್ನು ಮುಚ್ಚಿದರೆ ಸರಿಹೋಗುತ್ತದೆ.

ಪ್ರಶ್ನೆ: ಮೊಬೈಲ್‌ಗೆ 300 ಓಮ್‌ನ ದೊಡ್ಡ ಹೆಡ್‌ಫೋನ್ ಜೋಡಿಸಿದರೆ ಸದ್ದು ಸಾಲದು. ಸಣ್ಣ ಇಯರ್‌ಫೋನ್ ಜೋಡಿಸಿದರೆ ಸಾಕಷ್ಟಿದೆ, ಆದರೆ ಹಳೆಯ ಆಂಪ್ಲಿಫೈಯರಿಗೆ ಅದೇ ಇಯರ್‌ಫೋನ್ ಚುಚ್ಚಿದಾಗ ನಾದವೇ ಬೇರೆ. ಕಾರಣವೇನು?

ಉತ್ತರ: ಇವು ಎರಡು ಬೇರೆ ಕಾರಣಗಳು. ಮೊದಲನೆಯದು ಬಲದ್ದು. ಮೊಬೈಲ್ ಜ್ಯಾಕ್‌ನಿಂದ ಒಂದು ವೋಲ್ಟ್ ಬರುತ್ತದೆಂದು ಇಟ್ಟುಕೊಂಡರೆ, 32 ಓಮ್‌ನ ಇಯರ್‌ಫೋನಿಗೆ 31 ಮಿಲಿವ್ಯಾಟ್ ಸಿಗುತ್ತದೆ, 300 ಓಮ್‌ನದಕ್ಕೆ ಬರೀ 3.3. ಅಂಥ ಹೆಡ್‌ಫೋನಿಗೆ ಹೆಚ್ಚು ವೋಲ್ಟೇಜ್ ಕೊಡುವ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗಬಹುದು.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್‌ಗೆ, ಅಂದರೆ ಸದ್ದು ಹೊರಡುವ ಕಿಂಡಿ ವಿದ್ಯುತ್ ಹರಿವಿಗೆ ಒಡ್ಡುವ ಅಡ್ಡಿಗೆ (ಅದರ ಅಳತೆ ಓಮ್), ಸಂಬಂಧಿಸಿದ್ದು. ಒಂದೇ ಇಯರ್‌ಫೋನಿನ ಓಮ್ ಮೌಲ್ಯ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಅದು ತಾರದಲ್ಲಿ 40, ಮಧ್ಯದಲ್ಲಿ 10 ಓಮ್ ಇದೆಯೆನ್ನೋಣ. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಆಗಿದ್ದರೆ ಎರಡು ಭಾಗಗಳ ನಡುವೆ ಉಂಟಾಗುವ ಏರುಪೇರು 0.6 ಡೆಸಿಬಲ್, ಅದೇ 10 ಓಮ್ ಆಗಿದ್ದರೆ 4 ಡೆಸಿಬಲ್. ನಾಲ್ಕು ಡೆಸಿಬಲ್ ಎಂದರೆ ಯಾರಿಗಾದರೂ ಕೇಳಿಸುವಂಥದ್ದು. ಹಳೆಯ ಆಂಪ್ಲಿಫೈಯರುಗಳ ಹೆಡ್‌ಫೋನ್ ಕಿಂಡಿಯಲ್ಲಿ ಸ್ಪೀಕರಿನ ಸಾಲಿನಿಂದಲೇ ದೊಡ್ಡ ರೆಸಿಸ್ಟರ್ ಮೂಲಕ ಸದ್ದು ತೆಗೆಯುವುದು ರೂಢಿಯಾಗಿತ್ತು, ಅಲ್ಲಿ ಈ ಪರಿಣಾಮ ಇನ್ನೂ ಹೆಚ್ಚು. ಹೆಡ್‌ಫೋನಿನ ಇಂಪೀಡೆನ್ಸ್ ಆಂಪ್ಲಿಫೈಯರಿನದಕ್ಕಿಂತ ಎಂಟು ಪಟ್ಟಾದರೂ ಇರಲಿ ಎಂಬ ಲೆಕ್ಕವನ್ನು ಹೆಚ್ಚಿನವರು ಪಾಲಿಸುತ್ತಾರೆ, ಅದು ಒಳ್ಳೆಯ ಲೆಕ್ಕವೇ.

ಪ್ರಶ್ನೆ: 24 ಬಿಟ್, 192 ಕಿಲೋಹರ್ಟ್ಜ್‌ನ ಕಡತಗಳಿಗಾಗಿ ಹೊಸ ಪ್ಲೇಯರ್ ಕೊಳ್ಳಬೇಕೇ?

ಉತ್ತರ: ಕೇಳುವ ಉದ್ದೇಶಕ್ಕೆ ಮಾತ್ರವಾದರೆ ನನ್ನ ಸಲಹೆ ಬೇಡವೆಂದೇ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶಾನನ್ 1949ರಲ್ಲಿ ತೋರಿಸಿಕೊಟ್ಟಂತೆ, ಸ್ಯಾಂಪ್ಲಿಂಗ್ ದರದ ಅರ್ಧಕ್ಕಿಂತ ಕೆಳಗಿನ ಕಂಪನಾಂಕಗಳನ್ನೆಲ್ಲ ಮರಳಿ ಪಡೆಯಬಹುದು. 44.1ರ ಅರ್ಧ ಸುಮಾರು 22 ಕಿಲೋಹರ್ಟ್ಜ್. ಎಳೆಯರ ಆರೋಗ್ಯವಂತ ಕಿವಿಯ ಮಿತಿ 20. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಅವರು ಉನ್ನತ ರೆಸಲ್ಯೂಶನ್‌ನ ಧ್ವನಿಯನ್ನು ನೇರವಾಗಿಯೂ ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಮರೆಯಲ್ಲಿ ಕೇಳಿಸಿದಾಗ 554 ಉತ್ತರಗಳಲ್ಲಿ 276 ಸರಿಯಿದ್ದವು. 2016ರಲ್ಲಿ ಜೋಶುವಾ ರೀಸ್ ಅವರು ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇಕಡ 52.3ರ ಹತ್ತಿರ ಬಂತು. ತರಬೇತಿ ಪಡೆದವರಲ್ಲಿ ಅದು ಇನ್ನಷ್ಟು ಹೆಚ್ಚಿತ್ತು. ಆದ್ದರಿಂದ ವ್ಯತ್ಯಾಸ ಕೇಳಿಸುವುದೇ ಇಲ್ಲ ಎಂದು ಹಟ ಹಿಡಿಯಲಾರೆ. ಆದರೆ ಅದೇ ಖರ್ಚನ್ನು ಹೆಡ್‌ಫೋನಿನ ಮೇಲೆ ಮಾಡಿದರೆ ಸಿಗುವ ಬದಲಾವಣೆಯ ಮುಂದೆ ಇದು ತೀರಾ ಅಲ್ಪ. ಧ್ವನಿಮುದ್ರಣ, ಸಂಕಲನಗಳ ಕೆಲಸಕ್ಕೆ 24 ಬಿಟ್ ನಿಜಕ್ಕೂ ಬೇಕು, ಆ ಮಾತು ಬೇರೆ.

ಪ್ರಶ್ನೆ: ಎರಡು ಜೊತೆ ಸ್ಪೀಕರುಗಳನ್ನು ಮನೆಯಲ್ಲಿಟ್ಟು ಹೋಲಿಸುತ್ತಿದ್ದೇವೆ. ಮನೆಯವರಲ್ಲಿ ಒಮ್ಮತವಿಲ್ಲ. ಹೇಗೆ ತೀರ್ಮಾನಿಸುವುದು?

ಉತ್ತರ: ಎರಡೂ ಜೊತೆಗಳು ಒಂದೇ ಜಾಗದಲ್ಲಿ ನಿಂತು ನುಡಿಯದಿದ್ದರೆ ನೀವು ಹೋಲಿಸುತ್ತಿರುವುದು ಕೋಣೆಯ ಮೂಲೆಗಳನ್ನೇ. 50 ಹರ್ಟ್ಜ್‌ನ ಅಲೆಯ ಉದ್ದ ಹೆಚ್ಚುಕಡಿಮೆ 7 ಮೀಟರ್, ಅಂದರೆ ಎಷ್ಟೋ ಕೋಣೆಗಳಿಗಿಂತ ಉದ್ದ. ಅಂಥ ಅಲೆಗಳು ಗೋಡೆಗಳ ನಡುವೆ ಪುಟಿದು ಒಂದು ಜಾಗದಲ್ಲಿ ಕೂಡಿ ಗುಮ್ಮೆನ್ನುತ್ತವೆ, ಎರಡು ಹೆಜ್ಜೆ ಆಚೆ ಒಂದನ್ನೊಂದು ನುಂಗಿ ಇಲ್ಲವಾಗುತ್ತವೆ. ಕುಳಿತವರಲ್ಲಿ ಒಬ್ಬರಿಗೆ ಬಾಸ್ ಹೆಚ್ಚಾಗಿ ಇನ್ನೊಬ್ಬರಿಗೆ ಕಡಿಮೆಯಾಗಿ ಕೇಳುವುದರಲ್ಲಿ ಇಬ್ಬರ ತಪ್ಪೂ ಇಲ್ಲ. ಎಲ್ಲರೂ ಸರದಿಯ ಮೇಲೆ ಒಂದೇ ಕುರ್ಚಿಯಲ್ಲಿ ಕುಳಿತು ಕೇಳಿ. ಒಂದು ಜೊತೆಯನ್ನು ತೆಗೆದು ಇನ್ನೊಂದನ್ನು ಅದೇ ಗುರುತಿನ ಮೇಲೆ ಇಡಿ. ಮಟ್ಟ ಸಮ ಮಾಡಲು ಕುರ್ಚಿಯ ಬಳಿ ಕಿವಿಯ ಎತ್ತರಕ್ಕೆ ಮೊಬೈಲ್‌ನ ಸೌಂಡ್ ಮೀಟರ್ ಆ್ಯಪ್ ಇಟ್ಟು, ಪಿಂಕ್ ನಾಯ್ಸ್ (ಎಲ್ಲ ಕಂಪನಾಂಕಗಳೂ ಬೆರೆತ, ಮಳೆಯಂತೆ ಕೇಳುವ ಪರೀಕ್ಷಾ ಸದ್ದು) ನುಡಿಸಿ ನೋಡಿ. ಆ್ಯಪ್ ತೋರಿಸುವ ಅಂಕಿ ಕರಾರುವಾಕ್ಕಾಗಿಲ್ಲದಿದ್ದರೂ ಎರಡರ ನಡುವಣ ಅಂತರ ತಿಳಿಯಲು ಅದು ಸಾಕು.

ಸ್ಪೀಕರುಗಳ ಮುಂದೆ ತೆಳುವಾದ ಬಟ್ಟೆಯ ಪರದೆಯನ್ನೂ ಕಟ್ಟಿ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಅವರು ಒಂದೇ ಸ್ಪೀಕರುಗಳನ್ನು ಕಾಣುವಂತಿಟ್ಟೂ ಪರದೆಯ ಹಿಂದಿಟ್ಟೂ ಕೇಳುಗರಿಂದ ಅಂಕ ಹಾಕಿಸಿದರು. ಕಂಡು ಕೇಳಿದಾಗ ನೋಟಕ್ಕೆ ದೊಡ್ಡದಾದ, ಹೆಸರುವಾಸಿಯಾದ ಸ್ಪೀಕರುಗಳ ಅಂಕ ಏರಿತು. ಜಾಗ ಬದಲಾದುದರಿಂದ ಆಗುತ್ತಿದ್ದ ವ್ಯತ್ಯಾಸವಂತೂ ಕಂಡು ಕೇಳಿದಾಗ ಬಹುಮಟ್ಟಿಗೆ ಅವರ ಗಮನಕ್ಕೇ ಬರಲಿಲ್ಲ. ಕಣ್ಣು ಕಿವಿಯ ಕೆಲಸವನ್ನು ಎಷ್ಟರಮಟ್ಟಿಗೆ ವಹಿಸಿಕೊಳ್ಳುತ್ತದೆಂಬುದಕ್ಕೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.

ಪ್ರಶ್ನೆ: ಚಿನ್ನದ ಲೇಪನವಿರುವ ಕೇಬಲ್ ಹಾಕಿದರೆ ಸದ್ದು ಸುಧಾರಿಸುತ್ತದೆಯೇ?

ಉತ್ತರ: ಇಲ್ಲ. ಲೇಪನ ಇರುವುದು ಪ್ಲಗ್ ಕಿಲುಬು ಹಿಡಿಯದಿರಲೆಂದು. ಹಳೆಯ ಕೇಬಲ್ ಕರಕರ ಎನ್ನುತ್ತಿದ್ದರೆ ಬದಲಾಯಿಸಿ, ಇಲ್ಲವಾದರೆ ಅದೇ ಇರಲಿ.

ಪ್ರಶ್ನೆ: ನನಗೆ ಅರವತ್ತು ದಾಟಿದೆ. ಸೂಕ್ಷ್ಮ ಸ್ವರಗಳು ಕೇಳಿಸುವುದಿಲ್ಲವೆಂದು ಗೊತ್ತಿದೆ. ನನ್ನಂಥವರು ಸಾಧನಗಳ ಗುಣಮಟ್ಟವನ್ನು ಅಳೆಯಲು ಹೋಗುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ವಯಸ್ಸಿನೊಂದಿಗೆ ಮೊದಲು ಕ್ಷೀಣಿಸುವುದು ತಾರದ ತುತ್ತತುದಿ. ಆದರೆ ಪಿಯಾನೋದ ಕಟ್ಟಕಡೆಯ ಮನೆಯ ಮೂಲ ಸ್ವರವೂ 4,186 ಹರ್ಟ್ಜ್ ಮಾತ್ರ. ಕಂಠ, ಕೊಳಲು, ಪಿಟೀಲುಗಳ ಮೂಲ ಸ್ವರಗಳೆಲ್ಲ ಅದರ ಕೆಳಗೇ ಇವೆ, ಮತ್ತು ಹೆಡ್‌ಫೋನುಗಳು, ಸ್ಪೀಕರುಗಳು ದೊಡ್ಡ ತಪ್ಪುಗಳನ್ನು ಮಾಡುವುದು ಹೆಚ್ಚಾಗಿ ಆ ವಲಯದಲ್ಲಿಯೇ. ಕಂಠ ಡಬ್ಬಿಯೊಳಗಿಂದ ಬಂದಂತಿದೆಯೇ, ಮಂದ್ರದಲ್ಲಿ ಒಂದು ಸ್ವರ ಮಾತ್ರ ಉಬ್ಬಿ ಮಿಕ್ಕವು ಅಡಗಿವೆಯೇ, ಒಟ್ಟಿಗೆ ನುಡಿಯುವ ಎರಡು ವಾದ್ಯಗಳನ್ನು ಬಿಡಿಸಿ ಕೇಳಲಾಗುತ್ತದೆಯೇ ಎಂಬುದನ್ನು ನಿರ್ಣಯಿಸಲು ದೀರ್ಘಕಾಲ ಸಂಗೀತ ಕೇಳಿದ ಅನುಭವ ದೊಡ್ಡ ನೆರವು. 15 ಕಿಲೋಹರ್ಟ್ಜ್ ಕೇಳಿಸುವ, ಆದರೆ ಇದಾವುದನ್ನೂ ಗಮನಿಸದ ಎಳೆಯ ಕಿವಿಗಿಂತ ನಿಮ್ಮ ಕಿವಿಯ ಮಾತನ್ನೇ ನಾನು ನೆಚ್ಚುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೇಳಿಸದ ತಾರವನ್ನು ಹಿಡಿಯಲೆಂದು ವಾಲ್ಯೂಮ್ ಏರಿಸುತ್ತ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್ ಮಟ್ಟದಲ್ಲಿ. ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಹೋಲಿಕೆ ಮಾಡುವಾಗಲೂ ಮಾತುಕತೆಯ ಮಟ್ಟಕ್ಕಿಂತ ತುಸು ಮೇಲಷ್ಟೇ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಹೆಡ್‌ಫೋನ್ ತೆಗೆದಿಟ್ಟು ಕಿವಿಗೆ ಬಿಡುವು ಕೊಡಿ. ದಣಿದ ಕಿವಿಗೆ ಎಲ್ಲ ಸಾಧನಗಳೂ ಒಂದೇ ಬಗೆಯಲ್ಲಿ ಮಂಕಾಗಿ ಕೇಳುತ್ತವೆ.